ಆಲ್ಟ್ 9 ಅಂದರೇನು? ಟೆನಿಸ್ ವೃತ್ತಿಯ ಮೊದಲ ಮೆಟ್ಟಿಲುಗಳ ಲೆಕ್ಕ

ಹೋದ ವಾರ ಬೆಳಿಗ್ಗೆ ಬೆಳಿಗ್ಗೆಯೇ ನಮ್ಮ ಬೀದಿಯ ಜೀನ್ಸ್ ಹೊಲಿಸುವವರು ಮನೆಗೆ ಬಂದರು. ಕೈಯಲ್ಲಿ ಫೋನು, ಮುಖದಲ್ಲಿ ಗಾಬರಿ. "ಮೇಷ್ಟ್ರೇ, ಇದೊಂಚೂರು ನೋಡ್ರಿ. ಮಗಳ ಹೆಸರು ಲಿಸ್ಟಲ್ಲಿ ಐತೆ. ಆದ್ರೆ ಪಕ್ಕದಾಗೆ ಆಲ್ಟ್ 9 ಅಂತ ಐತೆ. ಆಕಿ ಆಡ್ತಾಳೋ ಇಲ್ಲೋ?"

ನಮ್ಮದು ರಾಯದುರ್ಗ. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಊರು, ಈಗ ಆಂಧ್ರದ ಅನಂತಪುರ ಜಿಲ್ಲೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಹೊಲದಲ್ಲಿ ಶೇಂಗಾ, ಊರ ತುಂಬ ಹೊಲಿಗೆ ಮಷೀನು. ಇಂಥ ಊರಿನ 17 ವರ್ಷದ ಹುಡುಗಿ ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಟೆನಿಸ್ ಕಲಿತಿದ್ದಾಳೆ. ಮೊದಲ ಸಲ ದೊಡ್ಡವರ ಟೂರ್ನಿಗೆ ಹೆಸರು ಕೊಟ್ಟಿದ್ದಾಳೆ. ಅಪ್ಪನಿಗೆ ಗೊತ್ತಿರುವುದು ಟಿವಿಯಲ್ಲಿ ಬರುವ ವಿಂಬಲ್ಡನ್ ಮಾತ್ರ. ಅಲ್ಲಿಗೂ ಈ ಆಲ್ಟ್ 9ಕ್ಕೂ ನಡುವೆ ಏನಿದೆ ಎಂದು ಯಾರೂ ಅವರಿಗೆ ಹೇಳಿಲ್ಲ.

ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ವೃತ್ತಿಪರ ಆಟಗಾರ್ತಿ ಅಂದರೆ ಯಾರು?

ಕ್ರಿಕೆಟ್‌ನಲ್ಲಿ ಆಯ್ಕೆ ಸಮಿತಿ ಇರುತ್ತದೆ. ರಾಜ್ಯ ತಂಡ, ಐಪಿಎಲ್, ಭಾರತ ತಂಡ ಎಂದು ಯಾರೋ ಒಬ್ಬರು ಕರೆಯಬೇಕು. ಕರೆದ ಮೇಲೆ ಸಂಬಳ, ಪ್ರಯಾಣ, ಹೋಟೆಲ್ ಎಲ್ಲ ಅವರದೇ.

ಟೆನಿಸ್‌ನಲ್ಲಿ ಯಾರೂ ಕರೆಯುವುದಿಲ್ಲ. ನೀವೇ ಹೋಗಬೇಕು. ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್, ಅಂದರೆ ಐಟಿಎಫ್, ತನ್ನಲ್ಲಿ ನೋಂದಾಯಿಸಿಕೊಂಡವರಿಗೆ ಒಂದು ಐಪಿನ್ ಸಂಖ್ಯೆ ಕೊಡುತ್ತದೆ. ಅದಕ್ಕೆ ಶುಲ್ಕ ಕಟ್ಟಬೇಕು. ಆಮೇಲೆ ಟೂರ್ನಿಗೆ ಆನ್‌ಲೈನ್‌ನಲ್ಲಿ ಹೆಸರು ಕೊಡಬೇಕು. ಟಿಕೆಟ್, ಊಟ, ಹೋಟೆಲ್, ಕೋಚ್ ಎಲ್ಲ ಸ್ವಂತ ಖರ್ಚು. ಸಂಬಳವಿಲ್ಲ. ಗೆದ್ದಷ್ಟು ದುಡ್ಡು, ಅಷ್ಟೇ. ನಿಜ ಹೇಳಬೇಕೆಂದರೆ ಇದು ಕೆಲಸಕ್ಕೆ ಸೇರಿದ ಹಾಗಲ್ಲ, ಅಂಗಡಿ ತೆರೆದ ಹಾಗೆ.

ಅದಕ್ಕೂ ಮೊದಲು ಜೂನಿಯರ್ ಆಟ ಇರುತ್ತದೆ. ನಮ್ಮ ದೇಶದ ಒಳಗೆ 12, 14, 16, 18 ವರ್ಷದೊಳಗಿನವರಿಗೆ ಬೇರೆ ಬೇರೆ ಪಟ್ಟಿ. 13 ದಾಟಿದ ಮೇಲೆ ಐಟಿಎಫ್ ಜೂನಿಯರ್ ಟೂರ್ನಿ ಆಡಬಹುದು. ಜಗತ್ತಿನ ಮೊದಲ 100 ಜೂನಿಯರ್‌ಗಳಿಗೆ ದೊಡ್ಡವರ ಕೆಳಹಂತದ ಟೂರ್ನಿಗಳಲ್ಲಿ ಒಂದಿಷ್ಟು ಜಾಗ ಕಾದಿಟ್ಟಿರುತ್ತಾರೆ. ನಮ್ಮ ಹುಡುಗಿ ಆ 100ರಲ್ಲಿ ಇಲ್ಲ. ಹಾಗಾಗಿ ಬಾಗಿಲಲ್ಲಿ ನಿಂತಿದ್ದಾಳೆ.

ಮೂರು ಅಂತಸ್ತಿನ ಮನೆ

ಟೆನಿಸ್ ಲೋಕವನ್ನು ಮೂರು ಅಂತಸ್ತಿನ ಮನೆ ಅಂದುಕೊಳ್ಳಿ.

ನೆಲ ಅಂತಸ್ತಿನಲ್ಲಿ ಐಟಿಎಫ್ ಟೂರ್ನಿಗಳು. ಗಂಡಸರದ್ದು ಎಂ15, ಎಂ25. ಹೆಂಗಸರದ್ದು ಡಬ್ಲ್ಯೂ15, ಡಬ್ಲ್ಯೂ35, ಡಬ್ಲ್ಯೂ50 ಹೀಗೆ ಡಬ್ಲ್ಯೂ100ರವರೆಗೆ. ಈ ಸಂಖ್ಯೆ ನೋಡಿ ಹೆದರಬೇಕಿಲ್ಲ. ಗೆದ್ದವರಿಗೆ ಎಷ್ಟು ಅಂಕ ಎನ್ನುವುದನ್ನೇ ಅದು ಹೇಳುತ್ತದೆ. ಡಬ್ಲ್ಯೂ15 ಗೆದ್ದರೆ 15 ಅಂಕ, ಡಬ್ಲ್ಯೂ35 ಗೆದ್ದರೆ 35.

ನಡುವಿನ ಅಂತಸ್ತಿನಲ್ಲಿ ಗಂಡಸರ ಚಾಲೆಂಜರ್ ಟೂರ್ನಿಗಳು, ಹೆಂಗಸರ ಡಬ್ಲ್ಯೂಟಿಎ 125 ಟೂರ್ನಿಗಳು (ಡಬ್ಲ್ಯೂಟಿಎ ಅಂದರೆ ಹೆಂಗಸರ ವೃತ್ತಿಪರ ಟೆನಿಸ್ ಸಂಸ್ಥೆ). ಬೆಂಗಳೂರಿನ ಕಬ್ಬನ್ ಪಾರ್ಕ್ ಅಂಗಳದಲ್ಲಿ ನಡೆಯುವ ಬೆಂಗಳೂರು ಓಪನ್ ಚಾಲೆಂಜರ್ ಮಟ್ಟದ್ದು. 2017ರಲ್ಲಿ ಅದನ್ನು ಸುಮಿತ್ ನಗಾಲ್ ಗೆದ್ದರು, 2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್. ಬಳ್ಳಾರಿ ಬಸ್ ಹತ್ತಿದವರು ಬೆಂಗಳೂರಿಗೆ ಹೋಗಿ ನೋಡಿ ಬರಬಹುದಾದ ಆಟ ಇದು.

ಮೇಲಿನ ಅಂತಸ್ತಿನಲ್ಲಿ 250, 500, 1000 ಎಂಬ ದೊಡ್ಡ ಟೂರ್ನಿಗಳು. ಅದರ ಮೇಲೆ ತಾರಸಿಯ ಹಾಗೆ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳು: ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಯುಎಸ್. ಗೆದ್ದವರಿಗೆ 2000 ಅಂಕ. ಟಿವಿಯಲ್ಲಿ ನಾವು ನೋಡುವುದು ಈ ತಾರಸಿಯನ್ನೇ. ಕೆಳಗಿನ ಎರಡು ಅಂತಸ್ತಿನಲ್ಲಿ ಎಷ್ಟು ಜನ ಇದ್ದಾರೆ ಎಂದು ನಮಗೆ ಕಾಣುವುದೇ ಇಲ್ಲ. ಗಂಡಸರ ವಿಶ್ವ ಪಟ್ಟಿಯಲ್ಲೇ ಸುಮಾರು 2000 ಹೆಸರುಗಳಿರುತ್ತವೆ.

ಅಂಕ ಎಂದರೆ ಒಂದು ವರ್ಷದ ರೀಚಾರ್ಜ್

ಗಂಡಸರ ಪಟ್ಟಿಯನ್ನು ಅವರ ವೃತ್ತಿಪರ ಸಂಸ್ಥೆ ಎಟಿಪಿ ಇಡುತ್ತದೆ, ಹೆಂಗಸರದ್ದನ್ನು ಡಬ್ಲ್ಯೂಟಿಎ. ಟೂರ್ನಿಯಲ್ಲಿ ಎಷ್ಟು ಸುತ್ತು ಗೆದ್ದಿರಿ ಎನ್ನುವುದರ ಮೇಲೆ ಅಂಕ, ಅಂಕದ ಮೇಲೆ ರ‍್ಯಾಂಕ್. ಇಷ್ಟು ಸುಲಭ.

ಜನ ಎಡವುವುದು ಮುಂದಿನ ಮಾತಿನಲ್ಲಿ. ಅಂಕಕ್ಕೆ ವ್ಯಾಲಿಡಿಟಿ ಇದೆ. ಸರಿಯಾಗಿ 52 ವಾರ. ಮೊಬೈಲ್‌ಗೆ ಒಂದು ವರ್ಷದ ರೀಚಾರ್ಜ್ ಹಾಕಿಸಿದ ಹಾಗೆ. ಈ ಮಾರ್ಚ್‌ನಲ್ಲಿ ಗಳಿಸಿದ 15 ಅಂಕ ಮುಂದಿನ ಮಾರ್ಚ್‌ನಲ್ಲಿ ಅಳಿಸಿಹೋಗುತ್ತದೆ. ಆ ವಾರ ಮತ್ತೆ ಅಷ್ಟೇ ಗಳಿಸಿದರೆ ಇದ್ದಲ್ಲೇ ಇರುತ್ತೀರಿ. ಜಾಸ್ತಿ ಗಳಿಸಿದರೆ ಮೇಲೆ. ಕಾಲು ಉಳುಕಿ ಮನೆಯಲ್ಲಿ ಮಲಗಿದರೆ ಕೆಳಗೆ. "ಚೆನ್ನಾಗಿ ಆಡಿದ್ರೂ ರ‍್ಯಾಂಕ್ ಯಾಕೆ ಬಿತ್ತು?" ಎಂದು ಪೇಪರ್ ಓದಿದವರು ಕೇಳುತ್ತಾರಲ್ಲ, ಉತ್ತರ ಇದೇ. ಹೋದ ವರ್ಷ ಅದೇ ವಾರ ಇನ್ನೂ ಚೆನ್ನಾಗಿ ಆಡಿರುತ್ತಾರೆ.

ಶುರುವಿನಲ್ಲಿ ಈ ಅಂಕಗಳು ಸಾಸಿವೆಯಷ್ಟು. ಡಬ್ಲ್ಯೂ15ರ ಮುಖ್ಯ ಡ್ರಾದಲ್ಲಿ, ಅಂದರೆ ಅಸಲಿ ಟೂರ್ನಿಯ ಪಟ್ಟಿಯಲ್ಲಿ, 32 ಜನ. ಮೊದಲ ಸುತ್ತಿನಲ್ಲೇ ಸೋತರೆ ಸೊನ್ನೆ. ಒಂದು ಪಂದ್ಯ ಗೆದ್ದರೆ 1 ಅಂಕ. ಹೆಂಗಸರ ವಿಶ್ವ ಪಟ್ಟಿಯಲ್ಲಿ ಹೆಸರು ಕಾಣಿಸಿಕೊಳ್ಳಬೇಕಾದರೆ ಮೂರು ಟೂರ್ನಿಗಳಲ್ಲಿ ಅಂಕ ಗಳಿಸಿರಬೇಕು, ಇಲ್ಲವೇ ಒಟ್ಟು 10 ಅಂಕ ಇರಬೇಕು. ಆ ಮೊದಲ ಒಂದು ಅಂಕಕ್ಕೆ ಎಷ್ಟೋ ಮಕ್ಕಳು ವರ್ಷಗಟ್ಟಲೆ ಓಡಾಡುತ್ತಾರೆ.

ಇನ್ನೊಂದು ಗೊಂದಲ. ನಮ್ಮ ಪತ್ರಿಕೆಗಳಲ್ಲಿ "ಶ್ರೇಯಾಂಕ" ಅಂತ ಬರೆಯುತ್ತಾರೆ. ಅದು ವಿಶ್ವ ರ‍್ಯಾಂಕ್ ಅಲ್ಲ. ಆ ಒಂದು ಟೂರ್ನಿಗೆ ಬಂದವರಲ್ಲಿ ಯಾರು ಮೇಲು ಎಂದು ನೋಡಿ ಕೊಡುವ ಸೀಡ್. ಬಲಿಷ್ಠರು ಮೊದಲ ಸುತ್ತಿನಲ್ಲೇ ಒಬ್ಬರಿಗೊಬ್ಬರು ಎದುರಾಗದಿರಲಿ ಎಂದು ಮಾಡಿಕೊಂಡ ಏರ್ಪಾಡು. ಡಬ್ಲ್ಯೂ15ರಲ್ಲಿ ಒಂದನೇ ಶ್ರೇಯಾಂಕದ ಹುಡುಗಿಯ ವಿಶ್ವ ರ‍್ಯಾಂಕ್ 500 ಇದ್ದರೂ ಆಶ್ಚರ್ಯವಿಲ್ಲ.

ಕನ್ಫರ್ಮ್, ಆರ್‌ಎಸಿ, ವೇಟಿಂಗ್ ಲಿಸ್ಟ್

ಈಗ ಆಲ್ಟ್ 9ಕ್ಕೆ ಬರೋಣ. ಗುಂತಕಲ್ಲು ಜಂಕ್ಷನ್ ಇರುವ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ.

ಟೂರ್ನಿಗೆ ಹೆಸರು ಕೊಡುವ ಗಡುವು ಸುಮಾರು 18 ದಿನ ಮುಂಚೆ, ಒಂದು ಗುರುವಾರ. ಆವತ್ತು ಕೊಟ್ಟವರ ಹೆಸರುಗಳನ್ನು ರ‍್ಯಾಂಕ್ ಪ್ರಕಾರ ಜೋಡಿಸುತ್ತಾರೆ. ಮೇಲಿನವರಿಗೆ ನೇರವಾಗಿ ಮುಖ್ಯ ಡ್ರಾ. ಇದು ಕನ್ಫರ್ಮ್ ಬರ್ತ್. ಅದರ ಕೆಳಗಿನವರಿಗೆ ಅರ್ಹತಾ ಸುತ್ತು. ಅಲ್ಲಿ ಎರಡೋ ಮೂರೋ ಪಂದ್ಯ ಗೆದ್ದರೆ ಮುಖ್ಯ ಡ್ರಾಗೆ ಬರಬಹುದು. ಇದು ಆರ್‌ಎಸಿ: ರೈಲು ಹತ್ತಬಹುದು, ಆದರೆ ಮಲಗಲು ಜಾಗ ಸಿಗುವುದು ಗ್ಯಾರಂಟಿ ಇಲ್ಲ. ಅದಕ್ಕೂ ಕೆಳಗಿನವರು ಆಲ್ಟರ್ನೇಟ್. ಅದೇ ಆಲ್ಟ್. ಅಪ್ಪಟ ವೇಟಿಂಗ್ ಲಿಸ್ಟ್. ಆಲ್ಟ್ 9 ಅಂದರೆ ಮುಂದಿನ ಒಂಬತ್ತು ಜಾಗ ಖಾಲಿಯಾದರೆ ಇವಳಿಗೆ ಅರ್ಹತಾ ಸುತ್ತಿನಲ್ಲಿ ಜಾಗ.

ಒಂಬತ್ತು ಜನ ಯಾಕೆ ಬಿಡುತ್ತಾರೆ? ಬಿಡುತ್ತಾರೆ. ಒಂದೇ ವಾರ ಜಗತ್ತಿನ ಬೇರೆ ಬೇರೆ ಕಡೆ ಟೂರ್ನಿಗಳಿರುತ್ತವೆ. ಹಲವು ಕಡೆ ಹೆಸರು ಕೊಟ್ಟಿಟ್ಟು, ಎಲ್ಲಿ ಒಳ್ಳೆ ಜಾಗ ಸಿಕ್ಕಿತೋ ಅಲ್ಲಿಗೆ ಹೋಗಲು ನಿಯಮವೇ ಅವಕಾಶ ಕೊಡುತ್ತದೆ. ಮೂರು ರೈಲಿಗೆ ಟಿಕೆಟ್ ಮಾಡಿ ಎರಡು ಕ್ಯಾನ್ಸಲ್ ಮಾಡುವವರು ನಮ್ಮಲ್ಲೂ ಇದ್ದಾರಲ್ವಾ? ಟೂರ್ನಿಗೆ 13 ದಿನ ಇರುವಾಗ, ಒಂದು ಮಂಗಳವಾರ, ಹೆಸರು ವಾಪಸ್ ತೆಗೆದುಕೊಳ್ಳುವ ಗಡುವು. ಆ ಮಂಗಳವಾರ ಪಟ್ಟಿ ಧಡಧಡನೆ ಮೇಲಕ್ಕೆ ಸರಿಯುತ್ತದೆ.

ಇನ್ನೆರಡು ಮಾತು ಗೊತ್ತಿರಲಿ. ವೈಲ್ಡ್ ಕಾರ್ಡ್ ಎಂದರೆ ಟೂರ್ನಿ ನಡೆಸುವವರ ಕೋಟಾ. ರ‍್ಯಾಂಕ್ ಸಾಲದಿದ್ದರೂ ಊರಿನ ಹುಡುಗರನ್ನೋ, ಭರವಸೆಯ ಮಕ್ಕಳನ್ನೋ ಅವರು ಒಳಗೆ ಬಿಡಬಹುದು. ಸಾನಿಯಾ ಮಿರ್ಜಾ 2005ರ ಆಸ್ಟ್ರೇಲಿಯನ್ ಓಪನ್ ಆಡಿದ್ದು ಹೀಗೆಯೇ. ಮೂರನೇ ಸುತ್ತಿನವರೆಗೆ ಹೋಗಿ ಸೆರೆನಾ ವಿಲಿಯಮ್ಸ್‌ಗೆ ಸೋತರು. ಮರುತಿಂಗಳೇ ಹೈದರಾಬಾದ್ ಓಪನ್ ಗೆದ್ದರು. ಆಗ ಹೈದರಾಬಾದ್ ನಮ್ಮ ರಾಜಧಾನಿ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ತೆಲುಗು ಮೇಷ್ಟ್ರು, ಕನ್ನಡ ಮೇಷ್ಟ್ರು ಎಲ್ಲ ಸೇರಿ ಪೇಪರ್ ಹರಿಯುವಷ್ಟು ಎಳೆದಾಡಿದ್ದು ನೆನಪಿದೆ. ಇನ್ನೊಂದು ಲಕ್ಕಿ ಲೂಸರ್. ಅರ್ಹತೆಯ ಕೊನೆ ಸುತ್ತಿನಲ್ಲಿ ಸೋತವರಿಗೆ, ಮುಖ್ಯ ಡ್ರಾದಲ್ಲಿ ಯಾರಾದರೂ ಕೊನೆ ಗಳಿಗೆಯಲ್ಲಿ ಹಿಂದೆ ಸರಿದರೆ ಸಿಗುವ ಜಾಗ. ಸೋತೂ ಒಳಗೆ.

ದುಡ್ಡಿನ ಲೆಕ್ಕ

"ಬಹುಮಾನ ಎಷ್ಟು ಬರ್ತೈತೆ ಮೇಷ್ಟ್ರೇ?" ಇದು ಅವರ ನಿಜವಾದ ಪ್ರಶ್ನೆ. ಕೇಳಲು ಮುಜುಗರಪಟ್ಟರು. ಪಡಬೇಕಿರಲಿಲ್ಲ. ಎಳೆಯ ಆಟಗಾರರ ಮೊದಲ ಐದಾರು ವರ್ಷ ನಿಂತಿರುವುದೇ ಇದರ ಮೇಲೆ.

15ರ ಮಟ್ಟದ ಟೂರ್ನಿಯಲ್ಲಿ ಒಟ್ಟು ಬಹುಮಾನ 15,000 ಡಾಲರ್. ಕೇಳಲು ದೊಡ್ಡದು. ಆದರೆ ಅದು ಸಿಂಗಲ್ಸ್, ಡಬಲ್ಸ್ ಎಲ್ಲರಿಗೂ ಹಂಚಿಹೋಗುತ್ತದೆ. ಸಿಂಗಲ್ಸ್ ಗೆದ್ದವರಿಗೆ ಸುಮಾರು 2,200 ಡಾಲರ್. ಡಾಲರ್‌ಗೆ 85 ರೂಪಾಯಿ ಹಿಡಿದರೆ ಸುಮಾರು 1 ಲಕ್ಷ 87 ಸಾವಿರ. ಮುಖ್ಯ ಡ್ರಾದ ಮೊದಲ ಸುತ್ತಿನಲ್ಲಿ ಸೋತವರಿಗೆ ಸುಮಾರು 150 ಡಾಲರ್, ಅಂದರೆ 13 ಸಾವಿರದ ಆಸುಪಾಸು. ಇದರಲ್ಲಿ ತೆರಿಗೆ ಬೇರೆ.

ಈ ಟೂರ್ನಿಗಳೇನು ಪಕ್ಕದ ಊರಲ್ಲಿ ನಡೆಯುತ್ತವಾ? ಗಡಿಯ ಆಚೆ ಸೊಲ್ಲಾಪುರದಂಥ ಊರಲ್ಲೂ ಹೆಣ್ಣುಮಕ್ಕಳ ಐಟಿಎಫ್ ಟೂರ್ನಿ ನಡೆದಿದೆ ನಿಜ. ಆದರೆ ವರ್ಷವಿಡೀ ಅಂಕ ಬೇಕೆಂದರೆ ಭಾರತದ ಟೂರ್ನಿಗಳಷ್ಟೇ ಸಾಲವು. ಈಜಿಪ್ಟಿನ ಶರ್ಮ್ ಎಲ್ ಶೇಖ್, ಟುನೀಷಿಯಾದ ಮೊನಾಸ್ತಿರ್, ಟರ್ಕಿಯ ಅಂತಾಲ್ಯದಂಥ ಊರುಗಳಲ್ಲಿ ಒಂದೇ ಕಡೆ ವಾರದ ಮೇಲೆ ವಾರ 15ರ ಟೂರ್ನಿಗಳು ನಡೆಯುತ್ತವೆ. ಮಕ್ಕಳು ಅಲ್ಲಿಗೆ ಹೋಗಿ ಮೂರ್ನಾಲ್ಕು ವಾರ ಒಂದೇ ಹೋಟೆಲಿನಲ್ಲಿ ಉಳಿಯುತ್ತಾರೆ. ಒಂದು ಟಿಕೆಟ್ಟಿನಲ್ಲಿ ನಾಲ್ಕು ಅವಕಾಶ. ಆದರೂ ವಿಮಾನ, ರೂಮು, ಊಟ, ರಾಕೆಟ್‌ಗೆ ಹಾಕಿಸುವ ತಂತಿ, ಜೊತೆಗೆ ಕೋಚ್ ಬಂದರೆ ಅವರ ಖರ್ಚು. ಟೂರ್ನಿ ಗೆದ್ದರೂ ಕೈಗೆ ಬಂದದ್ದು ಅಲ್ಲಿಗೇ ಮುಗಿಯುತ್ತದೆ.

ಶೇಂಗಾ ಬೆಳೆದವರಿಗೆ ಈ ಲೆಕ್ಕ ಹೊಸದೇನಲ್ಲ. ಬೀಜ, ಗೊಬ್ಬರ, ಕೂಲಿ ಮೊದಲು. ಮಳೆ ಆಮೇಲೆ. ದುಡ್ಡು ಕೊನೆಗೆ, ಬಂದರೆ.

ಈಗ ತಾರಸಿಯ ಕಡೆ ನೋಡಿ. 2025ರ ವಿಂಬಲ್ಡನ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋದವರಿಗೆ 66,000 ಪೌಂಡ್. ನಮ್ಮ ಲೆಕ್ಕದಲ್ಲಿ 75 ಲಕ್ಷದ ಹತ್ತಿರ. ಅಂಕ 10. ಒಂದು ವಾರ ಐದು ಪಂದ್ಯ ಗೆದ್ದು ಡಬ್ಲ್ಯೂ15 ಕಪ್ ಎತ್ತಿದವಳಿಗೆ 15 ಅಂಕ, 2 ಲಕ್ಷವೂ ಇಲ್ಲ. ಮೇಲಿನ ಸೋಲು ಕೆಳಗಿನ ಗೆಲುವಿಗಿಂತ ನಲವತ್ತು ಪಟ್ಟು ಬೆಲೆಬಾಳುತ್ತದೆ. ಇದು ನ್ಯಾಯವೋ ಅಲ್ಲವೋ ಎಂಬ ವಾದ ಟೆನಿಸ್ ಲೋಕದಲ್ಲೇ ನಡೆಯುತ್ತಿದೆ, ನಾವಿಲ್ಲಿ ಬಗೆಹರಿಸಲಾರೆವು. ಆದರೆ ಎಳೆಯ ಆಟಗಾರರು ಮಾಡುವ ಎಲ್ಲ ಲೆಕ್ಕಾಚಾರದ ಬೇರು ಇಲ್ಲಿದೆ. ಕೈಯಲ್ಲಿ ಕಾಸು ಮುಗಿಯುವ ಮೊದಲು ಸುಮಾರು 230ರ ಒಳಗೆ ರ‍್ಯಾಂಕ್ ತರಬೇಕು. ಯಾಕೆ 230? ಗ್ರ್ಯಾಂಡ್ ಸ್ಲಾಮ್‌ನ 128 ಜಾಗಗಳಲ್ಲಿ 104 ರ‍್ಯಾಂಕ್ ಮೇಲೆ ತುಂಬುತ್ತವೆ, 8 ವೈಲ್ಡ್ ಕಾರ್ಡ್, 16 ಅರ್ಹತಾ ಸುತ್ತಿನಿಂದ. ಆ ಅರ್ಹತಾ ಸುತ್ತಿಗೂ 128 ಜನ ಬೇಕು. 104ರ ಆಚೆಯವರಿಂದ ಎಣಿಸುತ್ತಾ ಹೋದರೆ ಹೆಚ್ಚುಕಡಿಮೆ ಅಲ್ಲಿಗೆ ಬಂದು ನಿಲ್ಲುತ್ತದೆ.

ಈ ಕೆಳ ಅಂತಸ್ತಿನ ಬಡತನದಿಂದ ಇನ್ನೊಂದು ಅಪಾಯವಿದೆ. ಬೆಟ್ಟಿಂಗ್‌ನವರು ಮೆಸೇಜ್ ಕಳಿಸುವುದು ಇಂಥವರಿಗೇ. "ಎರಡನೇ ಸೆಟ್ ಸೋಲು, ಇಷ್ಟು ಕೊಡ್ತೀವಿ" ಎಂದು. ಒಪ್ಪಿದರೆ ಆಜೀವ ನಿಷೇಧದವರೆಗೂ ಹೋಗಬಹುದು. ಮೆಸೇಜ್ ಬಂದದ್ದನ್ನು ತಿಳಿಸದೆ ಸುಮ್ನೆ ಇದ್ದರೂ ತಪ್ಪೇ. ಅಪ್ಪ ಅಮ್ಮ ಇದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಒಬ್ಬನ ದಾರಿ: ಸುಮಿತ್ ನಗಾಲ್

ಲೆಕ್ಕ ಮನುಷ್ಯರ ಮೇಲೆ ಹೇಗೆ ಬೀಳುತ್ತದೆ ಎಂದು ನೋಡಲು ನಗಾಲ್ ಸಾಕು. ಹರಿಯಾಣದ ಝಜ್ಜರ್ ಜಿಲ್ಲೆಯ ಹುಡುಗ, ಹುಟ್ಟಿದ್ದು 1997ರಲ್ಲಿ. ಮಹೇಶ್ ಭೂಪತಿಯವರ ತರಬೇತಿ ಯೋಜನೆಗೆ ಆಯ್ಕೆಯಾದಾಗ ಇನ್ನೂ ಹತ್ತರ ಆಸುಪಾಸು. 2015ರಲ್ಲಿ ವಿಯೆಟ್ನಾಂ ಜೊತೆಗಾರನೊಂದಿಗೆ ವಿಂಬಲ್ಡನ್ ಬಾಲಕರ ಡಬಲ್ಸ್ ಗೆದ್ದರು. 2019ರಲ್ಲಿ ಯುಎಸ್ ಓಪನ್ ಅರ್ಹತಾ ಸುತ್ತು ದಾಟಿದರು. ಮೊದಲ ಗ್ರ್ಯಾಂಡ್ ಸ್ಲಾಮ್ ಪಂದ್ಯಕ್ಕೇ ಎದುರಾಳಿ ರೋಜರ್ ಫೆಡರರ್. ಮೊದಲ ಸೆಟ್ 6-4ರಿಂದ ಗೆದ್ದೇಬಿಟ್ಟರು! ಆಮೇಲೆ ಮೂರು ಸೆಟ್ ಸೋತರು, ಅದು ಬೇರೆ ಮಾತು.

ಇಲ್ಲಿಗೆ ಕಥೆ ಸುಖಾಂತ್ಯ ಅನ್ನಿಸುತ್ತದೆ. ಅಲ್ಲ. 2021ರ ಕೊನೆಗೆ ಸೊಂಟದ ಶಸ್ತ್ರಚಿಕಿತ್ಸೆ. ಆಡದೆ ಕೂತರೆ ಅಂಕದ ವ್ಯಾಲಿಡಿಟಿ ಮುಗಿಯುತ್ತದಲ್ಲ, ರ‍್ಯಾಂಕ್ 500ರ ಆಚೆ ಹೋಯಿತು. ಮತ್ತೆ ಕೆಳಗಿನಿಂದ ಹತ್ತಬೇಕು. 2023ರಲ್ಲಿ ಭಾರತದ ನಂಬರ್ ಒನ್ ಆಗಿದ್ದಾಗಲೇ ಒಂದು ಮಾತು ಹೇಳಿದರು: ಬ್ಯಾಂಕ್ ಖಾತೆಯಲ್ಲಿರುವುದು ಸುಮಾರು 900 ಯೂರೊ. ಅಂದರೆ 80 ಸಾವಿರ ರೂಪಾಯಿ. ಆ ವರ್ಷ ಆ ಹೊತ್ತಿಗೆ ಅವರು 24 ಟೂರ್ನಿ ಆಡಿ ಸುಮಾರು 65 ಲಕ್ಷ ಗಳಿಸಿದ್ದರು. ಎಲ್ಲ ಖರ್ಚಿಗೇ ಹೋಗಿತ್ತು. ಆ ಗಳಿಕೆಯಲ್ಲಿ ಅತಿ ದೊಡ್ಡ ತುಂಡು ಯಾವುದು ಗೊತ್ತಾ? ಯುಎಸ್ ಓಪನ್ ಅರ್ಹತೆಯ ಮೊದಲ ಸುತ್ತಿನಲ್ಲಿ ಸೋತದ್ದಕ್ಕೆ ಬಂದ 22,000 ಡಾಲರ್.

ನಾಲ್ಕು ತಿಂಗಳ ನಂತರ, 2024ರ ಜನವರಿಯಲ್ಲಿ, 137ನೇ ರ‍್ಯಾಂಕಿನಲ್ಲಿದ್ದ ನಗಾಲ್ ಆಸ್ಟ್ರೇಲಿಯನ್ ಓಪನ್ ಅರ್ಹತೆಯ ಮೂರು ಪಂದ್ಯ ಗೆದ್ದರು. ಮುಖ್ಯ ಡ್ರಾದಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್‌ರನ್ನು ಸೋಲಿಸಿದರು. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಭಾರತೀಯರೊಬ್ಬರು ಶ್ರೇಯಾಂಕಿತರನ್ನು ಸೋಲಿಸಿದ್ದು 1989ರಲ್ಲಿ ರಮೇಶ್ ಕೃಷ್ಣನ್ ಆದ ಮೇಲೆ ಇದೇ ಮೊದಲು. ಎರಡನೇ ಸುತ್ತು ಮುಟ್ಟಿದ್ದಕ್ಕೆ 1,80,000 ಆಸ್ಟ್ರೇಲಿಯನ್ ಡಾಲರ್, ಒಂದು ಕೋಟಿಗೆ ಸ್ವಲ್ಪ ಕಡಿಮೆ. ಮರುತಿಂಗಳು ಚೆನ್ನೈ ಚಾಲೆಂಜರ್ ಗೆದ್ದು ಮೊದಲ 100ರ ಒಳಗೆ ಬಂದರು. ಜುಲೈ ಹೊತ್ತಿಗೆ 68. ಮುಂದಿನ ವರ್ಷ ಆ ಅಂಕಗಳ ವ್ಯಾಲಿಡಿಟಿ ಮುಗಿಯಿತು. ಮತ್ತೆ 200ರ ಆಚೆ.

ಗಂಡಸರ ಆಟದಲ್ಲಿ ಇದಕ್ಕೊಂದು ಸಣ್ಣ ಆಸರೆ ಬಂದಿದೆ. 2024ರಿಂದ ಎಟಿಪಿ ಒಂದು ಕನಿಷ್ಠ ಆದಾಯ ಯೋಜನೆ ಶುರು ಮಾಡಿತು. ಆ ಮೊದಲ ವರ್ಷ ಮೊದಲ 100ರಲ್ಲಿದ್ದವರಿಗೆ 3 ಲಕ್ಷ ಡಾಲರ್, 175ರವರೆಗೆ ಒಂದೂವರೆ ಲಕ್ಷ, 250ರವರೆಗೆ 75 ಸಾವಿರ ಎಂದಿತ್ತು. ಬಹುಮಾನ ಅದಕ್ಕಿಂತ ಕಡಿಮೆಯಾದರೆ ಉಳಿದದ್ದನ್ನು ತುಂಬಿಕೊಡುತ್ತಾರೆ. 251ನೆಯವನಿಗೆ ಏನೂ ಇಲ್ಲ.

ಹೆಣ್ಣುಮಕ್ಕಳಿಗೆ ವಯಸ್ಸಿನ ಬೇಲಿ

ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ ಇನ್ನೂ 13 ವರ್ಷದವಳಿದ್ದಾಗ ದೊಡ್ಡವರ ಟೂರಿಗೆ ಬಂದಳು. ಕೆಲವೇ ವರ್ಷಗಳಲ್ಲಿ ದಣಿದು ಆಟದಿಂದ ದೂರ ಸರಿದಳು. ಆಮೇಲೆ ಡಬ್ಲ್ಯೂಟಿಎ ನಿಯಮ ಮಾಡಿತು. 14 ತುಂಬುವವರೆಗೆ ಆಡುವಂತಿಲ್ಲ. ಆಮೇಲೆ 17ರವರೆಗೆ ವರ್ಷಕ್ಕೆ ಇಷ್ಟೇ ಟೂರ್ನಿ ಎಂಬ ಮಿತಿ, ವಯಸ್ಸು ಏರಿದಂತೆ ಮಿತಿಯೂ ಏರುತ್ತದೆ. ಚೆನ್ನಾಗಿ ಆಡಿದವರಿಗೆ ಸ್ವಲ್ಪ ಹೆಚ್ಚುವರಿ. 18 ಆದರೆ ಮಿತಿ ಇಲ್ಲ. ಹಾಗಾಗಿ ನಮ್ಮ ಹುಡುಗಿ ಪ್ರತಿ ವಾರ ಆಡುವಂತಿಲ್ಲ. ಅಪ್ಪನಿಗೆ ಇದು ಕೇಳಿ ಸ್ವಲ್ಪ ಸಮಾಧಾನವೇ ಆಯಿತು, ಖರ್ಚಿನ ದೃಷ್ಟಿಯಿಂದ.

ಈ ಮಿತಿಯ ಒಳಗೇ ಮಿಂಚಿದವರೂ ಇದ್ದಾರೆ. ಕೊಯಮತ್ತೂರಿನ ಮಾಯಾ ರಾಜೇಶ್ವರನ್ 2025ರ ಫೆಬ್ರವರಿಯಲ್ಲಿ, 15ನೇ ವಯಸ್ಸಿನಲ್ಲಿ, ಮುಂಬೈನ ಡಬ್ಲ್ಯೂಟಿಎ 125 ಟೂರ್ನಿಯ ಅರ್ಹತಾ ಸುತ್ತಿನಿಂದ ಹೊರಟು ಸೆಮಿಫೈನಲ್ ತಲುಪಿದಳು.

ನಮ್ಮ ಜಿಲ್ಲೆ ಮತ್ತು 762ನೇ ರ‍್ಯಾಂಕ್

ಟೆನಿಸ್ ನಮ್ಮ ಕಡೆಗೆ ತೀರಾ ಪರಕೀಯವೇನಲ್ಲ. ರಾಫೆಲ್ ನಡಾಲ್ ಅವರ ಫೌಂಡೇಶನ್, ಹಳ್ಳಿಗಳ ಅಭಿವೃದ್ಧಿಗೆ ದುಡಿಯುವ ಆರ್‌ಡಿಟಿ ಸಂಸ್ಥೆಯ ಜೊತೆ ಸೇರಿ 2010ರಲ್ಲಿ ಅನಂತಪುರದಲ್ಲೇ ಒಂದು ಟೆನಿಸ್ ಶಾಲೆ ತೆರೆಯಿತು. ನಡಾಲ್ ಖುದ್ದಾಗಿ ಬಂದಿದ್ದರು. ಅಲ್ಲಿ ಚಾಂಪಿಯನ್‌ಗಳನ್ನು ತಯಾರಿಸುವುದು ಗುರಿಯಲ್ಲ. ಹಳ್ಳಿಯ ಬಡ ಮಕ್ಕಳಿಗೆ ಆಟದ ಜೊತೆ ಇಂಗ್ಲಿಷ್, ಕಂಪ್ಯೂಟರ್ ಕಲಿಸುತ್ತಾರೆ.

ಆ ನಡಾಲ್ ಕೂಡ ಕೆಳಗಿನ ಅಂತಸ್ತಿನಿಂದಲೇ ಬಂದವರು. 2002ರ ಏಪ್ರಿಲ್‌ನಲ್ಲಿ ಅವರ ರ‍್ಯಾಂಕ್ 762. ವಯಸ್ಸು 15. ಸ್ವಂತ ದ್ವೀಪ ಮಯೋರ್ಕಾದ ಟೂರ್ನಿಯಲ್ಲಿ ಪರಾಗ್ವೆಯ ರಾಮೋನ್ ಡೆಲ್ಗಾಡೊ ಅವರನ್ನು ಸೋಲಿಸಿ ಮೇಲಿನ ಅಂತಸ್ತಿನ ಮೊದಲ ಪಂದ್ಯ ಗೆದ್ದರು. ಮೂರು ವರ್ಷಕ್ಕೆ ಫ್ರೆಂಚ್ ಓಪನ್. ಇದನ್ನು ಅಳತೆಗೋಲು ಮಾಡಿಕೊಳ್ಳಬೇಡಿ ಅಂತ ಅವರಪ್ಪನಿಗೆ ಎರಡು ಸಲ ಹೇಳಿದೆ. ರೋಹನ್ ಬೋಪಣ್ಣ ಸಿಂಗಲ್ಸ್‌ನಲ್ಲಿ 213ಕ್ಕಿಂತ ಮೇಲೆ ಹೋಗಲೇ ಇಲ್ಲ. ಡಬಲ್ಸ್ ಹಿಡಿದರು. 2024ರಲ್ಲಿ ವಿಶ್ವದ ನಂಬರ್ ಒನ್ ಆದಾಗ ಅವರಿಗೆ 43 ವರ್ಷ.

ಆಲ್ಟ್ 9 ಏನಾಯಿತು?

ಗಡುವಿನ ಮಂಗಳವಾರ ಕಳೆದ ಮೇಲೆ ಇಬ್ಬರೂ ಮತ್ತೆ ಪಟ್ಟಿ ತೆಗೆದು ನೋಡಿದೆವು. ಆಲ್ಟ್ 2. ಇನ್ನು ಮೇಲೆ ಮನೆಯಲ್ಲಿ ಕೂತು ಕಾಯುವಂತಿಲ್ಲ. ಅರ್ಹತಾ ಸುತ್ತಿನ ಹಿಂದಿನ ದಿನ ಅಲ್ಲಿಗೇ ಹೋಗಿ ಸಹಿ ಹಾಕಬೇಕು. ಇಬ್ಬರು ಬಾರದಿದ್ದರೆ ಆಟ. ಬಂದರೆ ಪ್ರ್ಯಾಕ್ಟೀಸ್ ಮಾಡಿ ವಾಪಸ್.

"ಹೋಗ್ಲಿ ಬಿಡ್ರಿ ಮೇಷ್ಟ್ರೇ, ಹೋಗಿ ಬರ್ತೀವಿ," ಅಂದರು. ಅಲ್ಲೇ ಜಗಲಿಯಲ್ಲಿ ಕೂತು ಗುಂತಕಲ್ಲಿನಿಂದ ಎರಡು ಟಿಕೆಟ್ ಬುಕ್ ಮಾಡಿದರು. ಫೋನ್ ನನ್ನ ಕಡೆ ತಿರುಗಿಸಿ ನಕ್ಕರು. ವೇಟಿಂಗ್ ಲಿಸ್ಟ್ 11, 12.